ಗೋಣಿಮರದಡಿ ನಡೆದು ಹೋದವಳು

ಸಾವಿನ ಮನೆಯಿಂದ ಬಂದವರು ಸ್ಟುಡಿಯೋದ ಒಳಗೆ ಕಾಲಿಡುವುದಿಲ್ಲ. ಬಾಗಿಲ ಹೊರಗೇ ನಿಂತು, ಹೆಗಲ ಟವೆಲ್ಲನ್ನು ಇಳಿಸಿ ಕೈಯಲ್ಲಿ ಹಿಡಿದುಕೊಂಡು, ನಾವಾಗಿಯೇ ತಲೆಯೆತ್ತಿ ನೋಡಲಿ ಎಂದು ಕಾಯುತ್ತಾರೆ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪುಟ್ಟ ಫೋಟೊ ಸ್ಟುಡಿಯೋ ಇತ್ತು. ಆ ಬೆಳಿಗ್ಗೆ ಹಾಗೆ ನಿಂತಿದ್ದವನನ್ನು ಕಂಡಕೂಡಲೇ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಎಲ್ಲಿಂದ ಬಂದದ್ದು ಎಂದಷ್ಟೇ ಕೇಳಿದೆ.

“ಭೀಮನಬೀಡು ಕಣಣ್ಣ. ನಮ್ಮಕ್ಕನ ಮಗಳು. ಐದ್ನೇ ಕ್ಲಾಸು. ಜ್ವರ ನೆತ್ತಿಗೇರ್ಬುಡ್ತು. ಮೈಸೂರ್ಗ ಕರ್ಕಂಡೋಗಿದ್ದೊ, ಎತ್ಕಂಡ್ ಬಂದೊ.” ಅವನು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದ. “ಒಂದ್ ಫೋಟೊನೂ ಇಲ್ಲ. ಇಸ್ಕೂಲಲ್ಲಿ ಏಳ್ನೇ ಕ್ಲಾಸ್ನೋರ್ಗ ಮಾತ್ರ ತೆಗಿಯದಂತ. ಫೋಟೊ ತೆಗಿಯಗಂಟ ಮಣ್ಗ ಬುಡಲ್ಲ ಅಂತ ಅಕ್ಕ ಅಡ್ಡ ಕುಂತವಳ.”

ತೊಂಬತ್ತರ ದಶಕದ ನಡುಗಾಲವದು. ಮದುವೆ, ನಾಮಕರಣಗಳೆಲ್ಲ ಕಲರ್‌ಗೆ ತಿರುಗಿ, ರೋಲುಗಳು ಬಸ್ಸಿನಲ್ಲಿ ಮೈಸೂರಿನ ಲ್ಯಾಬಿಗೆ ಹೋಗಿ ಬರುತ್ತಿದ್ದವು. ಕಪ್ಪು-ಬಿಳುಪು ಉಳಿದುಕೊಂಡಿದ್ದದ್ದು ಪಾಸ್‌ಪೋರ್ಟ್ ಫೋಟೊಗಳಿಗೆ, ಹೆಣದ ಫೋಟೊಗಳಿಗೆ, ಆಮೇಲೆ ನನ್ನ ಹುಚ್ಚಿಗೆ. ಹುಚ್ಚು ಎಂದರೆ ಕಲಾತ್ಮಕ ಛಾಯಾಗ್ರಹಣ. ಮದುಮಗನಿಗಿಂತ ಅವನ ಭಾವಮೈದುನನಿಗೇ ಹೆಚ್ಚು ಫೋಟೊ ಬೇಕಾಗುವ ಮದುವೆಗಳಲ್ಲಿ ‘ಗದ್ದ ಇಳಿಸಿ, ಸ್ವಲ್ಪ ನಗಿ’ ಎಂದು ಗೋಗರೆದು ಸಾಕಾಗಿದ್ದ ನನಗೆ, ಬೆಳಗಿನ ಜಾವ ಮೊಪೆಡ್ಡಿನಲ್ಲಿ ಬೇಗೂರಿನ ಕಡೆಗೋ ಭೀಮನಬೀಡಿನ ಕಡೆಗೋ ಹೊರಟರೆ ಹೋದ ಜೀವ ಬಂದಂತಾಗುತ್ತಿತ್ತು. ಮಂಜಿಗೆ ಗದ್ದ ಇಳಿಸು ಎಂದು ಹೇಳಬೇಕಿಲ್ಲ. ಅದು ತನಗೆ ತೋಚಿದಾಗ ಬರುತ್ತದೆ, ನಾವು ಸುಮ್ಮನೆ ಕಾಯಬೇಕು. ಒಳ್ಳೆಯ ಬೆಳಕು ಸಿಕ್ಕ ದಿನ ಮರಕ್ಕೂ ಸೂರ್ಯನಿಗೂ ಒಮ್ಮೆ ಕೈಮುಗಿದು ವಾಪಸಾಗುತ್ತಿದ್ದೆ. ದೇವಸ್ಥಾನದ ಕಡೆ ತಲೆಹಾಕದ ನನಗೆ ಅದೇ ಪೂಜೆ.

ಭೀಮನಬೀಡಿನ ಆ ಮನೆ ತಗ್ಗು ಬಾಗಿಲಿನ ಹೆಂಚಿನ ಮನೆ. ಹುಡುಗಿಯನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮ ಕಡೆ ಹೆಣವನ್ನು ಮಲಗಿಸಿ ಫೋಟೊ ತೆಗೆಸುವುದಿಲ್ಲ. ಬದುಕಿದ್ದಂತೆ ಕಾಣಬೇಕು ಎಂದು ಬೆನ್ನಿಗೆ ದಿಂಬು ಕೊಟ್ಟು, ಬೀಳದಂತೆ ಸೀರೆಯ ತುಂಡು ಕಟ್ಟಿ, ಕಟ್ಟು ಕಾಣದಂತೆ ಹಾರ ಹಾಕುತ್ತಾರೆ. ಹೊಸ ಲಂಗ ಉಡಿಸಿದ್ದರು. ಅಂಗಡಿಯವನು ಮಡಿಸಿಟ್ಟ ಗೆರೆ ಅದರ ಮೇಲೆ ಇನ್ನೂ ಹಾಗೇ ಇತ್ತು.

ಒಳಗೆ ಬೆಳಕಿರಲಿಲ್ಲ. ಫ್ಲ್ಯಾಶ್ ಹಾಕಿದರೆ ಇಂಥ ಮುಖಗಳು ಸುಣ್ಣ ಬಳಿದ ಗೋಡೆಯಂತೆ ಬರುತ್ತವೆ. ಅದಕ್ಕೇ ಅದನ್ನು ಚೀಲದಲ್ಲೇ ಬಿಟ್ಟು, ನನ್ನನ್ನು ಕರೆಯಲು ಬಂದಿದ್ದ ಸೋದರಮಾವನಿಗೆ ಹೇಳಿ ಮೇಲಿನ ಒಂದೆರಡು ಹೆಂಚು ತೆಗೆಸಿದೆ. ಬಿಸಿಲು ಕೋಲಿನಂತೆ ಒಳಗಿಳಿಯಿತು. ಒಂದು ಬಿಳಿ ಪಂಚೆಯನ್ನು ಇಬ್ಬರ ಕೈಲಿ ಎತ್ತಿ ಹಿಡಿಸಿ, ಬಿಸಿಲು ಅದಕ್ಕೆ ತಾಗಿ ಮೆತ್ತಗಾಗಿ ಮುಖದ ಕಡೆ ತಿರುಗುವಂತೆ ಮಾಡಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಶಟರನ್ನು ತೀರಾ ನಿಧಾನಕ್ಕಿಟ್ಟೆ. ಆ ವೇಗದಲ್ಲಿ ಬೇರೆ ಮಕ್ಕಳ ಫೋಟೊ ತೆಗೆಯಲಾಗುವುದಿಲ್ಲ, ಅಲ್ಲಾಡಿ ಕೆಡಿಸುತ್ತವೆ. ಇವಳು ಅಲ್ಲಾಡಲಿಲ್ಲ.

ಅವಳ ತಾಯಿ ಅಳುತ್ತಿರಲಿಲ್ಲ. ನಾನು ರೋಲು ಸುತ್ತುವುದನ್ನೇ ನೋಡುತ್ತಿದ್ದವಳು ಹತ್ತಿರ ಬಂದಳು.

“ಅಣ್ಣಾ, ಕಣ್ಣ ಮುಚ್ಕಂಡವಳಲ್ಲ. ಫೋಟೊದಲ್ಲಿ ಬುಡ್ಸಕ್ಕಾಯ್ತದಾ? ಚಾಮರಾಜನಗರದಲ್ಲಿ ಯಾರೋ ಬರ್ದು ಬುಡಸ್ತರಂತಲ್ಲ.”

“ಆಯ್ತದ ಅಕ್ಕಾ.”

“ಬುಡಸ್ಕೊಡಪ್ಪ. ಅವಳು ನನ್ ನೋಡ್ಬೇಕು. ಮುಚ್ಚಿದ್ ಕಣ್ಣ ಗ್ವಾಡ್ಗ ಆಕಂಡು ನಾ ಎಂಗ ಬಾಳ್ಲಿ?”

ಆಗಲಿ ಎಂದು ಮಾತು ಕೊಟ್ಟೆ. ಹುಡುಗಿಯನ್ನು ಚಟ್ಟಕ್ಕೆ ಎತ್ತುವ ಹೊತ್ತಿಗೆ ಯಾರೋ ಒಳಗಿನಿಂದ ಒಂದು ಹಳೆಯ ಖಾಕಿ ಅಂಗಿ ತಂದು ಅವಳ ಕಾಲ ಬಳಿ ಇಟ್ಟರು. ದೊಡ್ಡವರ ಅಂಗಿ, ತೋಳು ಮಡಿಚಿ ಹೊಲಿಗೆ ಹಾಕಿದ್ದು. ಸೋದರಮಾವ ಖಾಸಗಿ ಬಸ್ಸಿನ ಕ್ಲೀನರ್. ಅವನದೇ ಅಂಗಿ ಅದು. “ಚಳೀಲಿ ಇದ್ನೇ ಆಕಂಡು ಆಡ್ ಒಡ್ಕಂಡೋಯ್ತಿದ್ಲು” ಎಂದು ಬಿಕ್ಕಳಿಸಿದ. ಆ ಅಂಗಿಯನ್ನು ನಾನು ಮೊದಲೇ ನೋಡಿದ್ದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ, ಅದೇ ಊರಾಚೆಯ ಗಾಡಿದಾರಿಯಲ್ಲಿ ನಿಂತಿದ್ದೆ. ದಾರಿಯ ಪಕ್ಕ ಆಲದಂತೆ ಹರಡಿದ ಒಂದು ಭಾರೀ ಗೋಣಿಮರ. ಅದರ ಹಿಂದಿನಿಂದ ಸೂರ್ಯ ಏಳುತ್ತಿದ್ದ. ಮಂಜಿನೊಳಗೆ ಕೊಂಬೆಗಳ ನಡುವಿನಿಂದ ಬೆಳಕು ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ಅಷ್ಟಾದರೂ ಚಿತ್ರಕ್ಕೆ ಏನೋ ಕಮ್ಮಿ ಎನಿಸುತ್ತಿದ್ದಾಗ ಹಿಂದಿನಿಂದ ಆಡುಗಳು ಬಂದವು, ಅವುಗಳ ಹಿಂದೆ ಲಂಗದ ಮೇಲೆ ಖಾಕಿ ಅಂಗಿ ಹಾಕಿಕೊಂಡ ಒಬ್ಬ ಹುಡುಗಿ. ಆಡುಗಳ ಗೊರಸಿಗೆ ದೂಳೆದ್ದು ಬೆಳಕಿನ ಪಟ್ಟಿಗಳು ಇನ್ನೂ ಗಟ್ಟಿಯಾದವು. ನನಗೆ ಕುಣಿಯುವಂತಾಯಿತು.

ಸ್ಪರ್ಧೆಗಳಿಗೆ ಚಿತ್ರ ಕಳಿಸುವ ನಮ್ಮಂಥವರು ಕಲಿತ ಮೊದಲ ಪಾಠ ಒಂದಿತ್ತು: ಚಿತ್ರದೊಳಗಿರುವವರು ಕ್ಯಾಮೆರಾ ನೋಡಬಾರದು. ನೋಡಿದರೆ ತೀರ್ಪುಗಾರರು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಬೆನ್ನು ಮಾಡಿ ಬೆಳಕಿನೊಳಗೆ ನಡೆದು ಹೋಗಬೇಕು. ಆ ಹುಡುಗಿಗೋ ನನ್ನ ಹಳೆಯ ಕ್ಯಾಮೆರಾದ ಮೇಲೊಂದು ಕೆಳಗೊಂದು ಲೆನ್ಸು ಕಂಡು ಎಲ್ಲಿಲ್ಲದ ಬೆರಗು. “ಏನ್ ಮಾಮ ಅದು, ಎರಡ್ ಕಣ್ಣ ಅದಲ್ಲ?” ಎಂದು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನಗುವಳು. “ತಿರುಗ್ಬೇಡ ಕಣಮ್ಮಿ, ಓಗು, ಅಂಗೇ ಓಗು” ಎಂದು ನಾನು ಕೂಗುವೆ. ಅವಳು ತಿರುಗಿದಾಗಲೆಲ್ಲ ಬೆರಳನ್ನು ಬಟನ್ನಿನ ಮೇಲೆ ತಡೆದು ಹಿಡಿದು, ಮತ್ತೆ ಬೆನ್ನು ಮಾಡಿದಾಗ ಕ್ಲಿಕ್ಕಿಸುತ್ತಿದ್ದೆ. ಕೊನೆಗೆ ಮರಕ್ಕೆ, ಮಂಜಿಗೆ, ಸೂರ್ಯನಿಗೆ ಕೈಮುಗಿದು ಮೊಪೆಡ್ ಹತ್ತಿದೆ. ಹುಡುಗಿಯ ಹೆಸರನ್ನೂ ಕೇಳಲಿಲ್ಲ.

ಇದನ್ನು ಆ ಹೊತ್ತಿನಲ್ಲಿ ತಾಯಿಗೆ ಹೇಳಲಿಲ್ಲ. ಅವಳಿಗೆ ಬೇಕಿದ್ದದ್ದು ಮುಖ. ನನ್ನ ನೆಗೆಟಿವ್‌ಗಳಲ್ಲಿ ಮುಖವಿಲ್ಲವೆಂದು ನನಗೆ ಗೊತ್ತಿತ್ತು. ಇಲ್ಲದ ಆಸೆ ಹುಟ್ಟಿಸುವುದು ಯಾಕೆ ಎಂದು ಸುಮ್ಮನಾದೆ.

ಕಣ್ಣು ಬಿಡಿಸುವವರು ನನಗೆ ಈ ಕಸುಬು ಕಲಿಸಿದ ಮೇಷ್ಟ್ರೇ. ಚಾಮರಾಜನಗರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಮನೆಯ ಹಿಂದಿನ ಕೊಟ್ಟಿಗೆಯನ್ನು ಫೋಟೊ ತೊಳೆಯುವ ಕತ್ತಲಕೋಣೆ ಮಾಡಿಕೊಂಡಿದ್ದರು. ಹುಡುಗಿಯ ಫೋಟೊವನ್ನು ತೊಳೆದು, ಪ್ರಿಂಟು ಹಾಕಿಕೊಂಡು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದೆ. ಮೇಷ್ಟ್ರು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು.

“ಕಣ್ಣು ಹೆಂಗಿದ್ವಯ್ಯ? ದೊಡ್ಡವಾ, ಸಣ್ಣವಾ?”

ನನಗೆ ನೆನಪಿರಲಿಲ್ಲ. ನಗು ನೆನಪಿತ್ತು, ಕೂಗಿದ ದನಿ ನೆನಪಿತ್ತು. ಕಣ್ಣು ಹೇಗಿದ್ದವೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಗೊತ್ತಿಲ್ಲ ಎಂದೆ.

ಅವರು ಪ್ರಿಂಟನ್ನು ಹಲಗೆಗೆ ಅಂಟಿಸಿ, ರೆಪ್ಪೆಯ ಜಾಗವನ್ನು ಬ್ಲೇಡಿನ ತುದಿಯಿಂದ ನವಿರಾಗಿ ಕೆರೆದರು. ತೆಳುವಾದ ಕುಂಚದಿಂದ ಬೂದು ಬಣ್ಣ ತುಂಬಿದರು. ಆಮೇಲೆ ಪಕ್ಕದ ಗೂಡಿನಿಂದ ಗಡ್ಡ ಹೆರೆಯುವ ಸಣ್ಣ ಕನ್ನಡಿ ತೆಗೆದು ಎದುರಿಗೆ ನಿಲ್ಲಿಸಿಕೊಂಡರು. ಕನ್ನಡಿಯಲ್ಲಿ ಒಮ್ಮೆ ನೋಡುವರು, ಪ್ರಿಂಟಿನ ಮೇಲೆ ಒಂದು ಗೆರೆ ಎಳೆಯುವರು.

“ಇದೇನ್ ಸಾರ್, ನಿಮ್ ಕಣ್ಣನ್ನೇ ಬರೀತಿದ್ದೀರಲ್ಲ?”

“ಇನ್ಯಾರದ್ನ ನೋಡ್ಕಂಡ್ ಬರೀಲಯ್ಯ? ಸತ್ತೋರು ಬಂದು ಕೂರ್ತಾರಾ ಮುಂದೆ? ಇಷ್ಟು ವರ್ಷದಿಂದ ಎಲ್ಲಾರ್ಗೂ ಇವೇ ಕಣ್ಣು.”

ನನಗೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಬೇಗೂರಿನ ಕಿರಾಣಿ ಅಂಗಡಿಯ ಗೋಡೆಯ ಅಜ್ಜಿ, ಪುಣಜನೂರಿನ ಹೋಟೆಲಿನ ಗಲ್ಲಾಪೆಟ್ಟಿಗೆ ಮೇಲಿನ ಯಜಮಾನ, ನಾನೇ ಫೋಟೊ ತೆಗೆದು ಇವರ ಕೈಗೆ ತಂದುಕೊಟ್ಟ ಎಷ್ಟೋ ಜನ. ಅವರೆಲ್ಲ ಮೇಷ್ಟ್ರ ಕಣ್ಣಿನಿಂದಲೇ ತಮ್ಮ ಮನೆಮಂದಿಯನ್ನು ನೋಡುತ್ತಿದ್ದರು. ಯಾರೂ ಇದುವರೆಗೆ ದೂರಿರಲಿಲ್ಲ. ವಯಸ್ಸಾದವರ ಮುಖಕ್ಕೆ ವಯಸ್ಸಾದವರ ಕಣ್ಣು ಹೇಗೋ ಹೊಂದಿಕೊಂಡಿರಬೇಕು.

ಆ ಫೋಟೊ ಕೊಡಲು ಭೀಮನಬೀಡಿಗೆ ಹೋದಾಗ ತಾಯಿ ಜಗಲಿಯ ಮೇಲೆ ಕೂತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೊ ತೆಗೆದುಕೊಂಡಳು. ನೋಡಿದಳು, ಸ್ವಲ್ಪ ದೂರ ಹಿಡಿದು ನೋಡಿದಳು.

“ಇವಳ್ಯಾರಣ್ಣ?”

ಫೋಟೊವನ್ನು ಮತ್ತೆ ಕಣ್ಣಿನ ಹತ್ತಿರ ತಂದಳು.

“ಮೂಗು ನಮ್ ಮಗಿಂದೇಯ. ಬಾಯೂ ಅವಳ್ದೇಯ. ಒಳಗ ಇನ್ಯಾರೋ ಕುಂತ್ಕಂಡು ನೋಡ್ದಂಗದ.” ಫೋಟೊವನ್ನು ನನ್ನ ಕೈಗೇ ವಾಪಸು ಕೊಟ್ಟಳು. “ಇದು ಬ್ಯಾಡ ಕಣಣ್ಣ. ನಂಗ ಎದ್ರಿಕಾಯ್ತದ.”

ಅಲ್ಲಿಯವರೆಗೆ ಅಳದೆ ಇದ್ದವಳು ಆಗ ಅತ್ತಳು. ಮಗಳು ಸತ್ತ ದಿನ ಅಳದವಳನ್ನು ನನ್ನ ಫೋಟೊ ಅಳಿಸಿತು. ನಾನು ಅದನ್ನು ಚೀಲದೊಳಗೆ ತುರುಕಿಕೊಂಡು, ನೀರು ಕುಡಿಯಿರಿ ಎಂದು ಅವಳ ಗಂಡ ಹೇಳಿದರೂ ನಿಲ್ಲದೆ ಹೊರಟುಬಿಟ್ಟೆ. ದಾರಿಯಲ್ಲಿ ಗೋಣಿಮರ ಸಿಕ್ಕಿತು. ಮೊಪೆಡ್ ನಿಲ್ಲಿಸಲಿಲ್ಲ.

ಸ್ಟುಡಿಯೋಗೆ ಬಂದು ಆ ಬೆಳಗಿನ ನೆಗೆಟಿವ್‌ಗಳನ್ನು ತೆಗೆದೆ. ಎಲ್ಲೋ ಒಂದರಲ್ಲಾದರೂ ಅವಳು ತಿರುಗಿದ್ದಾಗ ನನ್ನ ಬೆರಳು ಜಾರಿರಬಹುದು ಎಂಬ ಹುಚ್ಚು ಆಸೆ. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡಿದೆ. ಬೆರಳು ಜಾರಿರಲಿಲ್ಲ. ನಾನು ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟು. ಎಲ್ಲದರಲ್ಲೂ ಬೆನ್ನು, ಬೆನ್ನು, ಬೆನ್ನು. ತಲೆ ಮೇಜಿನ ಮೇಲಿಟ್ಟು ಅತ್ತೆ.

ಅತ್ತು ಹಗುರಾದ ಮೇಲೆ ಮತ್ತೆ ನೋಡಿದೆ. ಒಂದು ಫ್ರೇಮಿನಲ್ಲಿ ಅವಳು ಸರಿಯಾಗಿ ಎರಡು ಬೆಳಕಿನ ಪಟ್ಟಿಗಳ ನಡುವೆ ಇದ್ದಳು. ಒಂದು ಕಾಲು ಎತ್ತಿದ್ದು, ಕೈಯಲ್ಲಿ ಕೋಲು, ಖಾಕಿ ಅಂಗಿ ಮೊಣಕಾಲಿನವರೆಗೆ ಇಳಿದಿತ್ತು. ಇವಳು ಸತ್ತವಳಲ್ಲ, ನಡೆಯುತ್ತಿರುವವಳು. ಇದನ್ನೇ ಕೊಡೋಣ, ಬೈದರೆ ಬೈಸಿಕೊಳ್ಳೋಣ ಎಂದು ತೀರ್ಮಾನಿಸಿದೆ.

ನನ್ನ ಎನ್‌ಲಾರ್ಜರ್‌ನಲ್ಲಿ ದೊಡ್ಡ ಪ್ರಿಂಟು ಬರುತ್ತಿರಲಿಲ್ಲ. ಮತ್ತೆ ಚಾಮರಾಜನಗರದ ಬಸ್ಸು ಹತ್ತಿದೆ. ತಾಯಿ ಅಂದದ್ದನ್ನು ಹೇಳಿದಾಗ ಮೇಷ್ಟ್ರ ಮುಖ ಸಪ್ಪಗಾಯಿತು. ಕನ್ನಡಿಯನ್ನು ಗೂಡಿನಿಂದ ತೆಗೆದು, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟರು. ಆದರೆ ನನ್ನ ನೆಗೆಟಿವ್ ನೋಡಿ ಅವರಿಗೂ ಸಿಟ್ಟು ಬಂತು.

“ಅವ್ರು ಮುಖ ಕೇಳಿದ್ರೆ ನೀನು ಮರ ಕೊಡ್ತೀಯಾ? ನಿನ್ ಸ್ಪರ್ಧೆ ಹುಚ್ಚನ್ನ ಸಾವಿನ ಮನೇಗೂ ಹೊತ್ಕಂಡ್ ಹೋಗ್ತೀಯೇನಯ್ಯ?”

“ಮರ ಅಲ್ಲ ಸಾರ್. ಮಗೂನ ಕೊಡ್ತಿದ್ದೀನಿ.”

“ಹಂಗಾದ್ರೆ ಮಗೂನ ಮಾತ್ರ ದೊಡ್ಡದು ಮಾಡು.”

ಸರಿ, ಹಾಗೇ ಮಾಡಿ ನೋಡಿದೆವು. ಅವಳೊಬ್ಬಳನ್ನೇ ದೊಡ್ಡದು ಮಾಡಿದಾಗ ಫಿಲ್ಮಿನ ಕಾಳುಗಳೆಲ್ಲ ಎದ್ದು ಬಂದು, ಬೆನ್ನು ರವೆ ಚೆಲ್ಲಿದಂತೆ ಕಂಡಿತು. ಎಲ್ಲಿಗೆ ಹೋಗುತ್ತಿದ್ದಾಳೆ ಎಂಬುದೂ ತಿಳಿಯಲಿಲ್ಲ. ಮರ, ದಾರಿ, ಆಡುಗಳು, ಬೆಳಕು ಇಲ್ಲದೆ ಅವಳು ಅವಳಾಗುತ್ತಿರಲಿಲ್ಲ. ಮೇಷ್ಟ್ರು ಆ ಪ್ರಿಂಟನ್ನು ನೋಡಿ ಗೊಣಗುವುದನ್ನು ನಿಲ್ಲಿಸಿದರು. ಎನ್‌ಲಾರ್ಜರ್‌ನ ತಲೆಯನ್ನು ತಾವೇ ಮೇಲೆತ್ತಿ, ಇಡೀ ಫ್ರೇಮನ್ನು ಕೆಳಗಿನ ಹಲಗೆಯ ಮೇಲೆ ಬೀಳಿಸಿದರು.

ಕಪ್ಪು-ಬಿಳುಪಿನ ದೊಡ್ಡ ಕಾಗದ ಸಿಗುವುದು ಆಗಲೇ ಕಷ್ಟವಾಗಿತ್ತು. ಮೇಷ್ಟ್ರ ಬಳಿ ಡಬ್ಬಿಯ ತಳದಲ್ಲಿ ಕೆಲವೇ ಹಾಳೆಗಳಿದ್ದವು. ಮೊದಲನೆಯದರಲ್ಲಿ ಬೆಳಕಿನ ಪಟ್ಟಿಗಳು ಚೆನ್ನಾಗಿ ಬಂದವು, ಹುಡುಗಿ ಮರದ ನೆರಳಿನೊಳಗೆ ಕರಗಿಹೋದಳು. ಎದುರಿನಿಂದ ಬಿಸಿಲು ಬಿದ್ದಾಗ ನಮ್ಮ ಕಡೆಗಿರುವುದು ಕತ್ತಲೆ ತಾನೇ? ಸ್ಪರ್ಧೆಗೆ ಕಳಿಸುವಾಗ ಅದೇ ಚೆಂದ, ಕಪ್ಪು ಆಕೃತಿ. ಈಗ ನನಗೆ ಆ ಕತ್ತಲೆಯೊಳಗಿನದು ಬೇಕಾಗಿತ್ತು. ಎರಡನೆಯ ಹಾಳೆಗೆ ಬೆಳಕು ಬಿಡುವಾಗ ಕರೆಂಟು ಹೋಯಿತು. ಮೇಷ್ಟ್ರು ಸರ್ಕಾರದವರ ವಂಶವನ್ನೆಲ್ಲ ಬೈದರು. ಕೊಟ್ಟಿಗೆಯ ಕತ್ತಲಲ್ಲಿ ಫೋಟೊ ತೊಳೆಯುವ ಹೈಪೋ ದ್ರಾವಣದ ವಾಸನೆ ಕುಡಿಯುತ್ತಾ ಕೂತೆವು.

ಕರೆಂಟು ಬಂದ ಮೇಲೆ, ತಂತಿಯ ತುದಿಗೆ ಹತ್ತಿಯ ಸಣ್ಣ ಉಂಡೆ ಸಿಕ್ಕಿಸಿ, ಬೆಳಕು ಬೀಳುತ್ತಿರುವಾಗ ಅದನ್ನು ಹುಡುಗಿಯ ಮೇಲೆ ಹಿಡಿದು ಮೆಲ್ಲಗೆ ಆಡಿಸಿದೆ. ಹಾಗೆ ತಡೆದ ಕಡೆ ಕಾಗದ ಕಡಿಮೆ ಕಪ್ಪಾಗುತ್ತದೆ. ಕೈ ನಿಂತರೆ ಸುತ್ತ ಬಿಳಿಯ ಉಂಗುರ ಬೀಳುತ್ತದೆ, ಹೆಚ್ಚು ಆಡಿದರೆ ಮರದ ಕಾಂಡ ಕೆಡುತ್ತದೆ. ಆಮೇಲೆ ಹಾಳೆಯನ್ನು ಡೆವಲಪರ್ ತಟ್ಟೆಗೆ ಬಿಟ್ಟೆ. ಮೊದಲು ಮರ ಬಂತು. ಬೆಳಕು ಬಂತು. ಹುಡುಗಿ ಇನ್ನೂ ಬರಲಿಲ್ಲ. ಮೇಷ್ಟ್ರು ತಮ್ಮ ಅಂಗೈಯನ್ನು ಉಜ್ಜಿ ಬಿಸಿ ಮಾಡಿಕೊಂಡು ದ್ರಾವಣದೊಳಗೆ ಇಳಿಸಿ, ಅವಳಿದ್ದ ಜಾಗವನ್ನು ಮೆತ್ತಗೆ ಸವರತೊಡಗಿದರು. ಬಿಸಿ ತಾಗಿದ ಕಡೆ ಚಿತ್ರ ಬೇಗ ಏಳುತ್ತದೆ. “ಬಾರಮ್ಮಿ, ಬಾ” ಎಂದರು, ತಮಗೇ ಎಂಬಂತೆ.

ಬಂದಳು. ಮೊದಲು ಅಂಗಿಯ ಮಡಿಕೆ, ಆಮೇಲೆ ಬೆನ್ನ ಮೇಲೆ ಇಳಿದ ಜಡೆ, ಅದರ ಎಳೆ ಎಳೆಯೂ.

ಕೆಂಪು ದೀಪದಲ್ಲಿ ಅದನ್ನು ನೋಡುತ್ತಾ ನಿಂತಾಗ ನನಗೊಂದು ಹೊಳೆಯಿತು. ಆ ಬೆಳಿಗ್ಗೆ ನಾನು ಮರಕ್ಕೆ ಕೈಮುಗಿದಿದ್ದೆ, ಮಂಜಿಗೆ ಕೈಮುಗಿದಿದ್ದೆ. ಆದರೆ ದೂಳೆಬ್ಬಿಸಿ ಬೆಳಕನ್ನು ಗಟ್ಟಿ ಮಾಡಿದವಳು ಇವಳು. ಇವಳು ಬರದೆ ಹೋಗಿದ್ದರೆ ಅದೊಂದು ಮರ, ಅದೊಂದು ದಾರಿ, ಅಷ್ಟೇ. ಪ್ರಕೃತಿ ಪ್ರಕೃತಿ ಎಂದು ಊರೂರು ಅಲೆದ ನನ್ನ ಲೆಕ್ಕದಲ್ಲಿ, ಆ ಪ್ರಕೃತಿಯೊಳಗೆ ದಿನಾ ಬೆಳಗಾದರೆ ನಡೆಯುವವರು ಸೇರಿಯೇ ಇರಲಿಲ್ಲ. ಒದ್ದೆ ಕೈಯಲ್ಲೇ ಪ್ರಿಂಟಿಗೆ ಕೈಮುಗಿದೆ. ಮೇಷ್ಟ್ರು ನೋಡಿಯೂ ನೋಡದಂತೆ ತಟ್ಟೆ ತೊಳೆಯಲು ಹೋದರು.

ಗುಂಡ್ಲುಪೇಟೆಯಲ್ಲಿ ಕಟ್ಟು ಹಾಕಿಸಿ, ಗಾಜಿಗೆ ಏಟಾಗದಂತೆ ಗೋಣಿತಾಟು ಸುತ್ತಿ, ಭೀಮನಬೀಡಿಗೆ ಹೊತ್ತುಕೊಂಡು ಹೋದೆ. ಅಂದು ಬೆಳಿಗ್ಗೆಯೇ ಹೋಗಿದ್ದೆ. ಮನೆಯಲ್ಲಿ ತಾಯಿ, ತಂದೆ ಇಬ್ಬರೂ ಕೂಲಿಗೆ ಹೊರಡುವವರಿದ್ದರು. ಹೆಂಗಸು ನನ್ನನ್ನು ನೋಡಿ ಗಾಬರಿಯಾದಳು. ಹಿಂದಿನ ಫೋಟೊದ ಭಯ ಅವಳ ಮುಖದಲ್ಲಿ ಇನ್ನೂ ಇತ್ತು.

“ಅಕ್ಕಾ, ಇದ್ರಲ್ಲಿ ಯಾರೂ ಏನೂ ಬರ್ದಿಲ್ಲ. ನಾನೇ ತೆಗ್ದಿದ್ದು, ಸಂಕ್ರಾಂತಿ ಆದ್ಮೇಲೆ. ಆಗ ನಿಮ್ಮ ಮಗಳು ಅಂತ ಗೊತ್ತಿರ್ಲಿಲ್ಲ,” ಎಂದು ಜಗಲಿಯ ಮೇಲೆ ಇಟ್ಟು ತಾಟು ಬಿಚ್ಚಿದೆ.

ತಂದೆ ಬಗ್ಗಿ ನೋಡಿದ. “ನಮ್ ಗೋಣಿಮರ. ಆಡೂ ನಮ್ದೇಯ. ಮಗ ಎಲ್ಲವಳ?”

ತಾಯಿ ಕೇಳಲಿಲ್ಲ. ಅವಳ ಬೆರಳು ಆಗಲೇ ಅಲ್ಲಿಗೆ ಹೋಗಿತ್ತು.

“ಮುಖ ಇಲ್ಲ ಅಕ್ಕಾ,” ಎಂದೆ. “ತಿರುಗಿ ತಿರುಗಿ ನೋಡ್ತಿದ್ಲು. ನಾನೇ ಬ್ಯಾಡ ಅಂದೆ. ಬೆನ್ನು ಮಾತ್ರ ಅದೆ.”

ಅವಳ ಬೆರಳು ಗಾಜಿನ ಮೇಲೆ ಕುತ್ತಿಗೆಯಿಂದ ಕೆಳಗೆ, ಜಡೆಯ ಉದ್ದಕ್ಕೂ ಇಳಿಯಿತು.

“ದಿನಾ ಬೆಳಗಾದ್ರ ನನ್ ಮುಂದ ಬೆನ್ನ ಮಾಡ್ಕಂಡ್ ಕುಂತ್ಕಳಳು ಕಣಣ್ಣ. ನಾ ಜಡ ಎಣಿತಿದ್ದಿ. ಒಂದ್ ಗಳ್ಗ ಸುಮ್ನ ಕೂರಳಲ್ಲ. ಇದು ನಾನೇ ಎಣ್ದಿರ ಜಡ,” ಎಂದಳು. “ಇವಳ ಬೆನ್ನ ನನ್ನಷ್ಟ್ ಯಾರ್ ನೋಡವ್ರ?”

ಎದ್ದು ಒಳಗೆ ಹೋದಳು. ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವಳು ಹಿತ್ತಲಿನಿಂದ ಒಂದು ಕನಕಾಂಬರದ ಹೂ ಕಿತ್ತು, ಒಲೆಯ ಪಕ್ಕದ ಗಡಿಗೆಯಿಂದ ಒಂದಗುಳು ಅನ್ನ ತಂದಳು. ಅಗುಳನ್ನು ಬೆರಳಲ್ಲಿ ಮೆತ್ತಗೆ ನುರಿದು ಗಾಜಿಗೆ ಹಚ್ಚಿ, ಸರಿಯಾಗಿ ಜಡೆ ಶುರುವಾಗುವ ಕಡೆ ಹೂವನ್ನು ಅಂಟಿಸಿದಳು. ಹೂವು ಆ ಸಣ್ಣ ತಲೆಗಿಂತ ದೊಡ್ಡದಾಗಿತ್ತು. ಬೀಳುವುದೇನೋ ಎಂದು ಸ್ವಲ್ಪ ಹೊತ್ತು ಬೆರಳಿನಿಂದ ಒತ್ತಿ ಹಿಡಿದುಕೊಂಡಳು.

ಆಮೇಲೆ ಕೈ ತೆಗೆದು, ಹುಡುಗಿಯ ಬೆನ್ನನ್ನು ಗಾಜಿನ ಮೇಲಿಂದಲೇ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

“ಆಯ್ತು, ಓಗಮ್ಮಿ. ಒತ್ತಾಯ್ತು.”